ಮುಂಗುಸಿ ಹಿಡಿದ ನಾಲ್ಕು ಗುಹೆಗಳು

ಜುಲೈ ಹದಿನೆಂಟು, ಶುಕ್ರವಾರ. ಬೆಳಗಿನಿಂದ ಬಿಡದೆ ಮಳೆ.

ಮಕ್ಕಳೇ, ಕರಿಗಲ್ಲು ಕಾಡಿನ ಕೆರೆದಡದಲ್ಲಿ ಒಂದು ಗುಹೆ ಇತ್ತು. ಅದು ಕರಡಿ ದೊಡ್ಡಜ್ಜನದು. ಮುಂಗುಸಿ ಚುಂಚಣ್ಣ ಅದನ್ನು ಬಾಡಿಗೆಗೆ ಹಿಡಿದಿದ್ದ. ಹುಣ್ಣಿಮೆ ಹುಣ್ಣಿಮೆಗೆ ಅಜ್ಜನಿಗೆ ಒಂದು ಬುಟ್ಟಿ ಹಣ್ಣು ಕೊಡುತ್ತಿದ್ದ.

ಕಾಡಿನ ಕೆಲಸಗಾರರು ಯಾರು ಬೇಕಾದರೂ ಒಂದು ಹಣ್ಣು ಕೊಟ್ಟು ಆ ಗುಹೆಯಲ್ಲಿ ಸಂಜೆಯವರೆಗೆ ಕೂತು ಕೆಲಸ ಮಾಡಬಹುದಿತ್ತು. ನಾಳೆಯೂ ಬರಲೇಬೇಕೆಂಬ ಕಟ್ಟುಪಾಡಿರಲಿಲ್ಲ.

ಯಾರು ಎಲ್ಲಿ ಕೂರಬೇಕು, ಯಾರ ಪಕ್ಕ ಯಾರು ಕೂರಬಾರದು ಎಂದು ನೋಡಿಕೊಳ್ಳುತ್ತಿದ್ದವಳು ಅಳಿಲು ಸೀಗಮ್ಮ. ಗುಹೆಯ ಬಾಗಿಲ ಮೇಲಿನ ಬಿರುಕಿನಲ್ಲೇ ಅವಳ ಮನೆ. ಕಣ್ಣು ಬಿಡದ ಮೂರು ಮರಿಗಳು ಅಲ್ಲಿದ್ದವು.

"ಮರಕುಟಿಗಣ್ಣ, ಸ್ವಲ್ಪ ಮೆಲ್ಲಗೆ ಕುಟ್ಟಪ್ಪ! ನನ್ನ ಹೊಲಿಗೆ ಅಂಕುಡೊಂಕಾಗ್ತಿದೆ," ಎಂದು ಎಲೆ ಹೊಲಿಯುವ ಸಿಂಪಿಗ ಹಕ್ಕಿ ಕೂಗಿತು.

"ಮೆಲ್ಲಗೆ ಕುಟ್ಟೋಕೆ ನಾನೇನು ಮಗು ತಟ್ಟಿ ಮಲಗಿಸ್ತಿದ್ದೀನೇನಪ್ಪ?"

ಸೀಗಮ್ಮ ಮರಕುಟಿಗನನ್ನು ಬಾಗಿಲ ಬಳಿಗೆ ಕಳಿಸಿದಳು. ಸಿಂಪಿಗನಿಗೆ ಒಳಗೋಡೆಯ ಪಕ್ಕ ಜಾಗ ಕೊಟ್ಟಳು.

"ನನಗೆ ಎಲ್ಲಾದರೂ ಸರಿ, ಸೀಗಮ್ಮ. ಯಾರೂ ಗುಡಿಸದಿದ್ದರೆ ಸಾಕು," ಎಂದಿತು ಜೇಡ.

ಆ ದಿನ ನಲವತ್ತು ಜನ ಬಂದು ಕೂತರು. ಹದಿನೈದು ಜನ ಜಾಗವಿಲ್ಲದೆ ನೆನೆಯುತ್ತ ಹಿಂದಿರುಗಿದರು. ಚುಂಚಣ್ಣ ಬಾಗಿಲಲ್ಲಿ ನಿಂತು ಅವರ ಬೆನ್ನನ್ನೇ ನೋಡಿದ.

"ಸೀಗಮ್ಮ, ಅಜ್ಜನ ಇನ್ನೂ ಮೂರು ಗುಹೆ ಹಿಡಿದುಬಿಡೋಣ!"

ಮರುಕ್ಷಣವೇ ದೊಡ್ಡಜ್ಜನ ಬಳಿಗೆ ಹೊರಟ. ಸೀಗಮ್ಮ ಹಿಂದೆಯೇ ಓಡಿದಳು.

"ತಿಂಗಳ ಲೆಕ್ಕಕ್ಕಾದರೆ ಗುಹೆಗೆ ಎರಡೆರಡು ಬುಟ್ಟಿ," ಎಂದ ಅಜ್ಜ. "ಬೇಡವಾದ ತಿಂಗಳು ಬಿಟ್ಟು ಹೋಗು. ಮೂರು ವರ್ಷಕ್ಕಾದರೆ ತಿಂಗಳಿಗೆ ಒಂದೊಂದೇ ಬುಟ್ಟಿ. ಆದರೆ ಒಂದು ಹುಣ್ಣಿಮೆ ತಪ್ಪಿದರೂ ಕೆರೆದಡದ ಗುಹೆಯೂ ನಿನ್ನದಲ್ಲ."

"ಮೂರು ವರ್ಷಕ್ಕೇ ಇರಲಿ ಅಜ್ಜ!"

ಆ ಕಾಡಿನಲ್ಲಿ ಒಪ್ಪಂದವೆಂದರೆ ಇಬ್ಬರೂ ಹಸಿಮಣ್ಣಿನಲ್ಲಿ ಅಕ್ಕಪಕ್ಕ ಪಂಜ ಊರುವುದು. ಮಣ್ಣು ಒಣಗುವವರೆಗೆ ಇಬ್ಬರಲ್ಲಿ ಯಾರಾದರೂ ತಮ್ಮ ಗುರುತನ್ನು ಅಳಿಸಿ ಒಪ್ಪಂದ ಬಿಡಬಹುದು. ಒಣಗಿದ ಮೇಲೆ ಇಬ್ಬರೂ ಒಪ್ಪಿದರೆ ಮಾತ್ರ. ಅಜ್ಜನ ಮನೆಯೊಳಗೆ, ಮಳೆ ತಾಗದ ಕಡೆ, ಇಬ್ಬರೂ ಪಂಜ ಊರಿದರು.

ಮಣ್ಣು ಒಣಗಲು ಎರಡು ದಿನ ಬೇಕಿತ್ತು. ಎರಡು ದಿನವೂ ಸೀಗಮ್ಮ ಅವನ ಕಿವಿಯ ಬಳಿಯೇ ಇದ್ದಳು.

"ಚುಂಚಣ್ಣ, ನಾವು ಜಾಗ ಕೊಡೋದು ದಿನದ ಲೆಕ್ಕದಲ್ಲಿ. ನೀನು ತಗೊಂಡಿರೋದು ವರ್ಷದ ಲೆಕ್ಕದಲ್ಲಿ. ಅವರು ನಾಳೆ ಬರದಿದ್ದರೆ?"

"ನಿನ್ನೆ ಹದಿನೈದು ಜನ ವಾಪಸ್ ಹೋಗಿದ್ದು ನೀನೇ ನೋಡಿದೆಯಲ್ಲ!"

"ನೋಡಿದೆ. ಮಳೆಯನ್ನೂ ನೋಡಿದೆ."

"ನಿನ್ನದು ಅಳಿಲಿನ ಎದೆ, ಸೀಗಮ್ಮ. ಎಲೆ ಅಲುಗಿದರೂ ಡವಡವ," ಎಂದು ಚುಂಚಣ್ಣ ನಕ್ಕ.

ಮಣ್ಣು ಒಣಗಿತು. ಅದಾದ ಐದನೆಯ ದಿನಕ್ಕೆ ಮಳೆ ನಿಂತು ಬಿಸಿಲು ಬಂತು.

ಜೇಡ ಬೇಲಿಗೆ ಹೋಯಿತು, ಮರಕುಟಿಗ ಮತ್ತಿಮರಕ್ಕೆ ಹೋದ. ಕುಂಬಾರ ಹುಳಕ್ಕೆ ಮಾತ್ರ ಬಿಸಿಲಿಗೆ ಮಡಕೆ ಬಿರುಕು ಬಿಡುತ್ತಿತ್ತು. ಅಂಥ ಏಳೆಂಟು ಜನ ನೆರಳು ಬೇಕೆಂದು ಕೆರೆದಡದ ಗುಹೆಯಲ್ಲೇ ಉಳಿದರು. ಉಳಿದ ಮೂರು ಗುಹೆಗಳಲ್ಲಿ ಚುಂಚಣ್ಣ ಕೆಮ್ಮಿದರೆ ಅವನ ಕೆಮ್ಮೇ ತಿರುಗಿ ಕೇಳುತ್ತಿತ್ತು.

ಅವನು ಸಿಂಪಿಗನ ಗೂಡಿಗೆ ಹೋಗಿ, "ವರ್ಷವಿಡೀ ಬರ್ತೀನಿ ಅಂತ ಮಾತು ಕೊಡು," ಎಂದ.

"ಯಾವಾಗ ಬೇಕಾದರೂ ಹೋಗಬಹುದು ಅಂತಲೇ ಅಲ್ಲವೇನಣ್ಣ ನಾನು ಬಂದಿದ್ದು?" ಎಂದಿತು ಸಿಂಪಿಗ, ಸೂಜಿಯಂಥ ಕೊಕ್ಕನ್ನು ಎಲೆಯಿಂದ ಎತ್ತದೆ.

ಹುಣ್ಣಿಮೆ ಬಂತು. ಕೊಡಬೇಕಾದದ್ದು ನಾಲ್ಕು ಬುಟ್ಟಿ, ಕೂಡಿಸಿದ ಹಣ್ಣು ಒಂದು ಬುಟ್ಟಿಗೆ ಸರಿಹೋಯಿತು. ಬೆಳಿಗ್ಗೆ ಸೀಗಮ್ಮ ಬಂದು ನೋಡಿದರೆ ಚುಂಚಣ್ಣ ಉಳಿದ ಮೂರು ಬುಟ್ಟಿಗಳಿಗೆ ಎಲೆ ತುರುಕುತ್ತಿದ್ದ.

"ಏನಿದು?"

"ಮೇಲೆ ನಾಲ್ಕು ಹಣ್ಣು ಹರಡ್ತೀನಿ. ಅಜ್ಜನಿಗೆ ಕಣ್ಣು ಮಂಜು."

"ಮೂಗು ಮಂಜಲ್ಲ!" ಸೀಗಮ್ಮ ಬುಟ್ಟಿಗಳನ್ನು ಮಗುಚಿಹಾಕಿದಳು. "ಹಣ್ಣಿರೋ ಬುಟ್ಟಿಯ ಜೊತೆ ಖಾಲಿ ಮೂರನ್ನೂ ಹೊತ್ತುಕೊಂಡು ಹೋಗು. ಲೆಕ್ಕ ತಪ್ಪಿದೆ ಅಂತ ನೀನೇ ಹೇಳು. ನಿನಗೆ ಹೋಗೋದು ಗುಹೆ, ಚುಂಚಣ್ಣ. ನನಗೆ ಹೋಗೋದು ಮರಿಗಳ ಮನೆ."

ಚುಂಚಣ್ಣ ಬುಟ್ಟಿಗಳನ್ನು ಹೊತ್ತ.

ಅವನು ಹೋದ ಮೇಲೆ ಸೀಗಮ್ಮ ಮರಿಗಳ ಹಾಸಿಗೆಯ ಹತ್ತಿಯನ್ನು ಸುತ್ತಿಟ್ಟಳು. ಎಲ್ಲಿಗೆ ಹೋಗುವುದೆಂದು ಅವಳಿಗೇ ತಿಳಿಯದು. ಕುಂಬಾರ ಹುಳ ಕೆಲಸ ನಿಲ್ಲಿಸಿ ಅವಳ ಪಕ್ಕ ಬಂದು ಕೂತಿತು.

ಬಿಸಿಲು ಇಳಿಯುವ ಹೊತ್ತಿಗೆ ಚುಂಚಣ್ಣ ಬಂದ. ನಡಿಗೆ ನಿಧಾನವಾಗಿತ್ತು, ಮುಖ ಹಗುರವಾಗಿತ್ತು.

"ಹತ್ತಿ ಬಿಚ್ಚಿ ಹಾಸು, ಸೀಗಮ್ಮ. ಈ ಗುಹೆ ಉಳೀತು. ಆ ಮೂರನ್ನು ಅಜ್ಜ ವಾಪಸ್ ತಗೊಂಡ. ಒಣಗಿದ ಗುರುತನ್ನು ಇಬ್ಬರೂ ಸೇರಿ ಕೆರೆದು ಹಾಕಿದೆವು."

"ಬೈದನಾ?"

"ಬಂಡೆ ಅದುರೋ ಹಾಗೆ. ಆಮೇಲೆ ಖಾಲಿ ಬುಟ್ಟಿ ನೋಡಿ, 'ಇಲ್ಲದ ಹಣ್ಣನ್ನು ನಾನು ಹೇಗೋ ತಿನ್ನಲಿ?' ಅಂತ ಅವನೇ ನಕ್ಕ."

ಸೀಗಮ್ಮ ನಂಬಲಿಲ್ಲ. "ಬರೀ ನಗುವಿಗೆ ಅಜ್ಜ ಮೂರು ವರ್ಷದ ಮಾತು ಬಿಡೋನಲ್ಲ. ಏನು ಕೊಟ್ಟೆ?"

ಚುಂಚಣ್ಣ ಮುಂಗಾಲು ಚಾಚಿದ. ಉಗುರುಗಳ ಸಂದಿಯಲ್ಲೆಲ್ಲ ಕರಿ ಕೂದಲು ಸಿಕ್ಕಿಕೊಂಡಿತ್ತು.

"ಒಂದು ಬುಟ್ಟಿ ಹಣ್ಣು," ಎಂದ. "ಮತ್ತೆ, ಅಜ್ಜನ ಬೆನ್ನಿನಲ್ಲಿ ಅವನ ಕೈಗೆ ಎಟುಕದ ಜಾಗ ಒಂದಿದೆ. ಬರುವ ಮಳೆಗಾಲದವರೆಗೂ ದಿನಾ ಮಧ್ಯಾಹ್ನ ಹೋಗಿ ನಾನು ಅದನ್ನು ಕೆರೆಯಬೇಕು."

ನೀತಿ: ತುಂಬಿದ ದಿನದ ತಲೆ ಎಣಿಸಿ ಖಾಲಿ ದಿನಗಳಿಗೂ ಮಾತು ಕೊಡಬೇಡಿ, ಕೊಟ್ಟು ತಪ್ಪಿದರೆ ಮುಚ್ಚಿಡದೆ ಹೋಗಿ ಹೇಳಿ.