ಚೈನ್ ಕಳಚಿತೆಂದವನು

"ತಪ್ಪು ಮಾಡಿದವನು ಒಳಗೊಳಗೇ ನಾಚಿ ಸಾಯುತ್ತಿದ್ದರೆ ಸಾಲದೇ, ಗುರುಗಳೇ? ಅದನ್ನು ಬಾಯಿಬಿಟ್ಟು ಹೇಳಲೇಬೇಕೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರು ಅವನ ಮುಖವನ್ನೊಮ್ಮೆ ನೋಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೈಕಲ್ ಸವಾರನಿದ್ದ. ರಸ್ತೆ ಪಂದ್ಯಗಳಲ್ಲಿ ಅವನನ್ನು ಹಿಂದೆ ಹಾಕುವವರು ಆ ಸೀಮೆಯಲ್ಲೇ ಇರಲಿಲ್ಲ. ಟ್ರ್ಯಾಕ್ ಪಂದ್ಯದಲ್ಲೂ ಗೆಲ್ಲಬೇಕೆಂದು ಅವನಿಗೆ ಆಸೆಯಾಯಿತು. ಅದಕ್ಕೆ ಬೇರೆಯೇ ಸೈಕಲ್ ಬೇಕು. ಅದನ್ನು ಜೋಡಿಸಬಲ್ಲ ಮೇಸ್ತ್ರಿ ಊರಿನಲ್ಲಿ ಒಬ್ಬನೇ ಇದ್ದ. ಸವಾರ ಅವನಲ್ಲಿಗೆ ಹೋದ.

ಮೇಸ್ತ್ರಿ ಸೈಕಲ್ ಜೋಡಿಸಿ, ಹಿಂದಿನ ಗಾಲಿಯನ್ನು ಎತ್ತಿ ಹಿಡಿದು ತಿರುಗಿಸಿದ. ಗಾಲಿಯ ಜೊತೆಗೆ ಪೆಡಲೂ ತಿರುಗಿತು.

"ನೋಡ್ರಿ, ಇದಕ್ಕ ಫ್ರೀವೀಲ್ ಇಲ್ಲ. ಹಲ್ಲಿನ ಚಕ್ರ ಗಾಲಿಗೇ ಬಿಗಿದೈತಿ. ಗಾಲಿ ತಿರುಗೋತನಕ ನಿಮ್ಮ ಕಾಲೂ ತಿರುಗಬೇಕು. ಇಳಿಜಾರಿನಾಗೂ ಸುಮ್ಮನ ಕುಂದ್ರಾಕ ಬರಂಗಿಲ್ಲ. ನಿಲ್ಲಿಸಬೇಕಂದ್ರ ದೂರದಿಂದನ ಪೆಡಲನ್ನ ಹಿಂದಕ್ಕ ಒತ್ತಿ ಹಿಡೀತ ಬರಬೇಕು. ಒಂದು ವಾರ ಮೈದಾನದಾಗ ಬರೇ ನಿಲ್ಲಿಸೋದು ಕಲೀರಿ. ಆಮೇಲೆ ಮುಂದಿನ ಗಾಲಿಗೆ ಬ್ರೇಕ್ ಹಾಕಿಕೊಡತೀನಿ. ಅಲ್ಲೀತನಕ ರಸ್ತೆಗೆ ಒಯ್ಯಬ್ಯಾಡ್ರಿ."

ಸವಾರನಿಗೆ ನಗು ಬಂತು. ಹತ್ತು ವರ್ಷ ಸೈಕಲ್ ತುಳಿದವನಿಗೆ ನಿಲ್ಲಿಸುವುದನ್ನು ಕಲಿಸಬೇಕೇ? ಎರಡು ದಿನ ಮೈದಾನದಲ್ಲಿ ಸುತ್ತಿದ. ಮೇಸ್ತ್ರಿ ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಒಮ್ಮೆಯೂ ನಿಲ್ಲಲಾಗಲಿಲ್ಲ. ಮೂರನೆಯ ದಿನ ಮೇಸ್ತ್ರಿಗೆ ಹೇಳದೆ ಸೈಕಲನ್ನು ರಸ್ತೆಗೆ ಒಯ್ದ.

ಕೋಟೆ ಬಾಗಿಲಿನ ಇಳಿಜಾರಿನಲ್ಲಿ ಸೈಕಲ್ಲಿಗೆ ವೇಗ ಬಂತು. ಪೆಡಲುಗಳು ಅವನ ಕಾಲಿನ ಹತೋಟಿ ಮೀರಿ ತಿರುಗತೊಡಗಿದವು. ಹಳೆಯ ರೂಢಿಯಂತೆ ಅವನು ಕಾಲು ನಿಲ್ಲಿಸಿದ. ಪೆಡಲು ಅವನ ಪಾದವನ್ನು ಒದ್ದು ಕೆಡವಿತು. ಮತ್ತೆ ಅದರ ಮೇಲೆ ಕಾಲಿಡಲು ಆಗಲೇ ಇಲ್ಲ. ಕೆಳಗೆ ಹಿಟ್ಟಿನ ಗಿರಣಿಯಿಂದ ಬರುತ್ತಿದ್ದ ಹೆಂಗಸೊಬ್ಬಳಿಗೆ ಸೈಕಲ್ ಬಡಿಯಿತು. ಆಕೆ ಖಾನಾವಳಿಗಳಿಗೆ ರೊಟ್ಟಿ ತಟ್ಟಿಕೊಟ್ಟು ಬದುಕುವವಳು. ಮುರಿದದ್ದು ಬಲಗೈ.

ಜನ ಕೂಡಿದರು. ಏನಾಯಿತೆಂದು ಕೇಳಿದರು.

"ಚೈನ್ ಕಳಚಿತು. ಮೇಸ್ತ್ರಿ ಸರಿಯಾಗಿ ಬಿಗಿದಿರಲಿಲ್ಲ," ಎಂದ ಸವಾರ.

ಪಂದ್ಯ ಗೆದ್ದವನ ಮಾತು. ಯಾರೂ ಬಗ್ಗಿ ಚೈನ್ ನೋಡಲಿಲ್ಲ. ಸೈಕಲನ್ನು ಹೊತ್ತುಕೊಂಡು ಮೇಸ್ತ್ರಿಯ ಅಂಗಡಿಗೆ ನಡೆದರು. ಎಲ್ಲರೂ ಮೇಸ್ತ್ರಿಯನ್ನು ಬೈದರು. ಬೈಗುಳ ಮುಗಿದ ಮೇಲೆ ಅವನು ಗಾಲಿಯನ್ನೊಮ್ಮೆ ತಿರುಗಿಸಿದ. ಚೈನ್ ತನ್ನ ಜಾಗದಲ್ಲೇ ಇತ್ತು; ಸಿಟ್ಟಿನಲ್ಲಿದ್ದ ಜನ ಅದನ್ನು ಗಮನಿಸಲಿಲ್ಲ. ಅವನು ಸವಾರನ ಕಡೆ ನೋಡಿದ. ಸವಾರ ತಲೆ ತಗ್ಗಿಸಿದ.

"ಈ ಗಾಡಿ ನಾ ಕೊಡಬಾರದಿತ್ತು. ತಪ್ಪು ನಂದ," ಎಂದ ಮೇಸ್ತ್ರಿ.

ಅಂದಿನಿಂದ ಸವಾರ ಸೈಕಲ್ ಮುಟ್ಟಲಿಲ್ಲ. ಊಟ ಸೇರಲಿಲ್ಲ. ಮೇಸ್ತ್ರಿಯ ಓಣಿಯನ್ನು ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದ. ಪಂಕ್ಚರ್ ಹಾಕಿಸಲೂ ಆ ಮೇಸ್ತ್ರಿಯ ಹತ್ತಿರ ಹೋಗಬೇಡಿ ಎಂದು ಜನ ಮಾತಾಡುವುದು ಕಿವಿಗೆ ಬಿದ್ದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು. ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ ಎಂದುಕೊಳ್ಳುತ್ತಿದ್ದ. ಹಾಗೆಂದುಕೊಂಡಾಗ ಸ್ವಲ್ಪ ಹಗುರವೆನಿಸುತ್ತಿತ್ತು.

ಎರಡು ತಿಂಗಳ ಮೇಲೆ, ನಿಜ ಹೇಳಿಬಿಡಬೇಕೆಂದು ಆ ಹೆಂಗಸಿನ ಮನೆಗೆ ಹೋದ. ಆಕೆಯ ಬಲಗೈಗೆ ಇನ್ನೂ ಬಲ ಬಂದಿರಲಿಲ್ಲ. ಎಡಗೈಯಲ್ಲಿ ರೊಟ್ಟಿ ತಟ್ಟುತ್ತಿದ್ದಳು.

"ಬಾ ತಮ್ಮಾ, ನಿನಗೂ ಪೆಟ್ಟಾಗಿತ್ತಂತಲ್ಲ. ಆ ಮೇಸ್ತ್ರಿ ದಿನಾ ಬಾಗಿಲದಾಗ ನೀರಿನ ಕೊಡ ಇಟ್ಟು ಹೋಗತಾನ. ನಾ ಅವನ ಮಾರಿ ನೋಡಂಗಿಲ್ಲ. ಆ ನೀರು ಚೆಲ್ಲಿಬಿಡತೀನಿ," ಎಂದಳು.

ದಪ್ಪಗೆ, ಸೊಟ್ಟಗೆ ಬಂದ ಒಂದು ರೊಟ್ಟಿಯನ್ನು ಅವನ ಮುಂದಿಟ್ಟಳು. ಅವನು ರೊಟ್ಟಿ ಮುರಿದು ತಿಂದ. ಇನ್ನೊಂದು ಹಾಕಲೇ ಎಂದಳು. ಹೂಂ ಎಂದ. ಅದನ್ನೂ ತಿಂದ. ಹೊರಗೆ ಹೊಸ್ತಿಲ ಬಳಿ ತುಂಬಿದ ಕೊಡವಿತ್ತು. ಅದನ್ನು ದಾಟಿಕೊಂಡು ಮನೆಗೆ ಹೋದ.

ಮತ್ತೆ ಹೋಗಿ ಅವನು ನಿಜ ಹೇಳಿದ್ದು ಮರುವರ್ಷ. ಆಕೆ ಬೈಯಲಿಲ್ಲ. ತಟ್ಟುತ್ತಿದ್ದ ರೊಟ್ಟಿಯನ್ನು ಬದಿಗಿಟ್ಟಳು.

"ಅವ ನೀರು ತರೋದು ಬಿಟ್ಟು ತಿಂಗಳಾತು. ಪೀಡಾ ಹೋತು ಅಂದಿದ್ದೆ ನಾ," ಎಂದಳು.

ಇಬ್ಬರೂ ಮೇಸ್ತ್ರಿಯ ಅಂಗಡಿಗೆ ಹೋದರು. ಬಾಗಿಲಿಗೆ ಬೀಗವಿತ್ತು. ಕೆಲಸ ಕೊಡುವವರಿಲ್ಲದೆ ಅವನು ಊರು ಬಿಟ್ಟಿದ್ದ. ಎಲ್ಲಿಗೆ ಹೋದನೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆ ಸವಾರನನ್ನು ಅಲ್ಲೇ ಬಿಟ್ಟು ಒಬ್ಬಳೇ ಹಿಂದಿರುಗಿದಳು.

ಗುರು ಕತೆ ನಿಲ್ಲಿಸಿದರು. ಮುರಿಗೆಪ್ಪ ನೆಲ ನೋಡುತ್ತಿದ್ದ.

"ನಿನ್ನ ಬದಲು ಈಗ ಯಾರು ಬೈಸಿಕೊಳ್ಳುತ್ತಿದ್ದಾರೆ, ಮುರಿಗೆಪ್ಪ?" ಎಂದರು ಗುರು.