ಗುಡ್ಡ ಹತ್ತಿದ ಸೂಲಗಿತ್ತಿ

"ದೇವರು ಪ್ರೀತಿಯೇ ಆಗಿದ್ದರೆ ನರಕ ಏಕಿದೆ?" ಎಂದು ಗುರುಪಾದ ತನ್ನ ಗುರುಗಳನ್ನು ಕೇಳಿದ.

ಅವನ ಅಣ್ಣ ಸತ್ತು ಹದಿನೈದು ದಿನವಾಗಿತ್ತು. ಅಣ್ಣ ಹಲವರನ್ನು ನೋಯಿಸಿ ಬದುಕಿದವನು. ಅವನಿಗೆ ನರಕವೇ ಗತಿ ಎಂದು ಮಣ್ಣಿಗೆ ಬಂದ ಜನ ಗುರುಪಾದನ ಎದುರಿಗೇ ಆಡಿಕೊಂಡಿದ್ದರು.

"ನರಕವಿದ್ದರೆ ದೇವರಲ್ಲಿ ಕರುಣೆಯಿಲ್ಲ. ಇಲ್ಲದಿದ್ದರೆ ಅಣ್ಣನಿಂದ ನೊಂದವರಿಗೆ ನ್ಯಾಯವಿಲ್ಲ. ನಾನು ಯಾವುದನ್ನು ನಂಬಲಿ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಅವಳಿಗೆ ಒಬ್ಬನೇ ಮಗ, ಮುಂಗೋಪಿ. ನೀರಿನ ಸರದಿಗಾಗಿ ನೆರೆಯವನೊಡನೆ ಜಗಳವಾಗಿ, ಒಂದು ದಿನ ಅವನು ತುಂಬಿದ ಕೆರೆಯ ತೂಬನ್ನು ಒಡೆದ. ನೆರೆಯವನ ಹೊಲ ಹಾಳಾಗಲಿ ಎಂದಷ್ಟೇ ಅವನ ಎಣಿಕೆ. ನೀರು ಅವನ ಎಣಿಕೆ ಕೇಳಲಿಲ್ಲ. ನೆರೆಯವನ ಮನೆ ಕುಸಿಯಿತು. ಒಳಗೆ ಮಲಗಿದ್ದ ಅವನ ಮುದಿ ತಾಯಿ ಸತ್ತಳು.

ಪಂಚಾಯಿತಿ ಸೇರಿತು. ಹಿರಿಯರು ಮೊದಲು ಸೂಲಗಿತ್ತಿಯ ಮುಖ ನೋಡಿದರು. ಆ ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅವಳು ಬೇಡಿಕೊಂಡಿದ್ದರೆ ಮಗನನ್ನು ಬಿಡುತ್ತಿದ್ದರೇನೋ. ಅವಳು, "ತಪ್ಪು ಅವನದೇ" ಎಂದಳು. ಮಗನನ್ನು ಗಡಿಯಾಚೆಯ ಕಲ್ಲುಗುಡ್ಡಕ್ಕೆ ಅಟ್ಟಿದರು.

ಮರುದಿನ ಬೆಳಿಗ್ಗೆ ಸೂಲಗಿತ್ತಿ ಚಾಪೆ, ಮಡಕೆ ಹೊತ್ತು ಹೊರಟಳು. ಊರ ಗೌಡ ದಾರಿಗೆ ಅಡ್ಡ ನಿಂತ.

"ಅವ್ವಾ, ಶಿಕ್ಷೆ ಅವನಿಗೆ. ನಿನಗಲ್ಲ."

"ಬಲ್ಲೆನಪ್ಪ. ಮಾಡಿದ್ದನ್ನು ಅವನೇ ಉಣ್ಣಲಿ. ಅದರ ಜೊತೆಗೆ ಒಂದು ತುತ್ತು ಅನ್ನವನ್ನೂ ಉಣ್ಣಬೇಕಲ್ಲ."

ಮಗ ಅವಳನ್ನು ಕಂಡು ಸಿಡುಕಿದ. ಪಂಚಾಯಿತಿಯಲ್ಲಿ ಕೈಬಿಟ್ಟವಳು ಇಲ್ಲಿಗೇಕೆ ಬಂದೆ ಎಂದು ಅಲ್ಲಿದ್ದ ಹಳೆಯ ಗುಡಿಸಲಿನ ತಟ್ಟಿ ಬಾಗಿಲು ಹಾಕಿಕೊಂಡ. ಅವಳು ಹತ್ತು ಹೆಜ್ಜೆ ದೂರದಲ್ಲಿ ಒಲೆ ಹೂಡಿದಳು. ದಿನವೂ ಅವನ ಪಾಲನ್ನು ಬಾಗಿಲಲ್ಲಿ ಇಟ್ಟಳು. ಅವನು ಅದನ್ನು ಚೆಲ್ಲಿದ ದಿನಗಳೇ ಹೆಚ್ಚು. ಚೆಲ್ಲಿದ್ದನ್ನು ಬಳಿದು ಹಕ್ಕಿಗಳಿಗೆ ಹಾಕಿ, ಮರುದಿನ ಮತ್ತೆ ಬೇಯಿಸಿದಳು. ಊರಿನಲ್ಲಿ ಹೆರಿಗೆಯಾದರೆ ಇಳಿದು ಹೋಗಿ, ಕೂಸನ್ನು ಮೀಯಿಸಿ, ಅವರು ಕೊಟ್ಟ ಕಾಳು ಕಟ್ಟಿಕೊಂಡು ಗುಡ್ಡಕ್ಕೇ ಮರಳುತ್ತಿದ್ದಳು.

ಮೂರನೆಯ ವರ್ಷ ಅವಳ ಮಂಡಿ ಸೋತಿತು. ಬುಡದಿಂದ ನೀರು ತರುವಾಗ ಅರ್ಧ ದಾರಿಯಲ್ಲಿ ಕುಳಿತುಬಿಟ್ಟಳು. ಮಗ ಮೇಲಿನಿಂದ ಬಹಳ ಹೊತ್ತು ನೋಡಿದ. ಆಮೇಲೆ ಇಳಿದು ಬಂದು ಕೊಡ ಹೊತ್ತ. ಅಂದು ಮೊದಲ ಬಾರಿಗೆ ತಾಯಿಯ ಎದುರು ಕುಳಿತು ಉಂಡ. ಉಣ್ಣುತ್ತಾ ಕೈ ನಿಲ್ಲಿಸಿ, "ಅವರು ಮನೆ ಕಟ್ಟಿಕೊಂಡರೇ?" ಎಂದು ಕೇಳಿದ.

"ಇನ್ನೂ ಇಲ್ಲ. ಸೋಗೆಯ ಮರೆಯಲ್ಲಿದ್ದಾರೆ."

ಅವನು ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು ಕುಳಿತಳು.

ಅಂದಿನಿಂದ ಅವನು ಕಲ್ಲು ಒಡೆಯತೊಡಗಿದ. ಗೋಡೆಗೆ ಒಪ್ಪುವಂತೆ ಕೆತ್ತಿ, ಗಡಿಯ ಬಳಿ ಇಟ್ಟು ಬರುತ್ತಿದ್ದ. ನೆರೆಯವನು ಒಂದು ವರ್ಷ ಅವನ್ನು ಮುಟ್ಟಲಿಲ್ಲ. ಎರಡನೆಯ ವರ್ಷ ಗಾಡಿ ತಂದ. ಗೋಡೆ ಎದ್ದು, ಬಾಗಿಲು ನಿಲ್ಲಿಸುವ ದಿನ ಅವನೇ ಗುಡ್ಡದ ಬುಡಕ್ಕೆ ಬಂದು ಮಗನನ್ನು ಕರೆದ.

"ನನ್ನ ತಾಯಿ ತಿರುಗಿ ಬರುವುದಿಲ್ಲ. ಅದನ್ನು ನಾನು ಮರೆಯುವುದೂ ಇಲ್ಲ," ಎಂದ. ಆಮೇಲೆ, "ಚೌಕಟ್ಟು ಭಾರವಾಗಿದೆ. ಒಬ್ಬನಿಂದ ಆಗದು. ಬಾ," ಎಂದ.

ಮಗ ತಾಯಿಯ ಕಡೆ ತಿರುಗಿದ. ಅವಳು ಆಗಲೇ ಸೆರಗು ಕಟ್ಟಿ ಇಳಿಯತೊಡಗಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನ ಕಣ್ಣು ತೇವವಾಗಿತ್ತು. ಆದರೂ ಅವನಿಗೆ ಉತ್ತರ ಬೇಕಿತ್ತು.

"ಹಾಗಾದರೆ ನರಕ ಇದೆಯೇ?"

"ಇರಬಹುದು," ಎಂದರು ಗುರುಗಳು. "ಆದರೆ ಅಲ್ಲಿ ದೇವರಿಲ್ಲವೆಂದು ನಿನಗೆ ಯಾರು ಹೇಳಿದರು?"