ಮಣ್ಣು ಕಟ್ಟಿದ ಅವರೆ

"ಬುದ್ಧಿ, ಶಾಲೆಯ ಮಕ್ಕಳ ಊಟಕ್ಕೆ ಊರಿನವರ ಕಾಳನ್ನೇ ಏಕೆ ಕೊಳ್ಳಬೇಕು?" ಎಂದು ಶಿಷ್ಯ ಪರ್ವತ ಮಠದ ಗುರುಗಳನ್ನು ಕೇಳಿದ.

ಮಠದ ಶಾಲೆಯ ಅಡುಗೆಮನೆಯ ಹೊಣೆ ಆ ವರ್ಷ ಅವನ ಹೆಗಲಿಗೆ ಬಿದ್ದಿತ್ತು. "ಒಬ್ಬರ ಕಾಳಿನಲ್ಲಿ ಕಲ್ಲು, ಇನ್ನೊಬ್ಬರದರಲ್ಲಿ ಹೊಟ್ಟು. ಆರಿಸಿ ಆರಿಸಿ ಸಾಕುಸಾಕಾಗುತ್ತದೆ. ಪೇಟೆಯಿಂದ ತರಿಸಿದರೆ ಮೂಟೆ ಬಿಚ್ಚಿ ನೇರ ಹಂಡೆಗೆ ಸುರಿಯಬಹುದು. ನಾಳೆ ಊರಿನವರು ಬಂದರೆ, ಇನ್ನು ಮೇಲೆ ತರಬೇಡಿ ಎಂದುಬಿಡಲೇ?"

ಗುರುಗಳು ನಕ್ಕರು. "ಹೆಸರು ನೋಡಿದರೆ ಪರ್ವತ, ತಾಳ್ಮೆ ನೋಡಿದರೆ ಸಾಸಿವೆ. ಕುಳಿತುಕೋ. ನಾಳೆ ಹೇಳುವುದನ್ನು ನಾಳೆ ಹೇಳುವೆಯಂತೆ. ಮೊದಲು ಇದನ್ನು ಕೇಳು."

ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ರಾಗಿ ಹೊಲದ ನಡುನಡುವೆ ಅವರೆ ಹಾಕುತ್ತಿದ್ದ. ಅದು ಅವನ ತಾಯಿ ಉಳಿಸಿಕೊಂಡು ಬಂದ ಬೀಜ. ಕಾಳಿನ ಹೊಟ್ಟೆಯ ಮೇಲೆ ಒಂದು ಕಪ್ಪು ಮಚ್ಚೆ. ಸುತ್ತಮುತ್ತ ಬೇರೆ ಯಾರೂ ಆ ಅವರೆ ಬೆಳೆಯುತ್ತಿರಲಿಲ್ಲ. ಪ್ರತಿ ವರ್ಷ ಅವನು ಅದನ್ನು ಊರ ಶಾಲೆಯ ಊಟಕ್ಕೆ ಕೊಡುತ್ತಿದ್ದ. ಶಾಲೆಯವರು ಕೊಳ್ಳುತ್ತಿದ್ದರು. ಯಾರಿಗೂ ಯಾರ ಮೇಲೂ ದೂರಿರಲಿಲ್ಲ.

ಅವರೆಗೆ ಹುಳ ಬೇಗ ಬೀಳುತ್ತದೆ, ನಿನಗೂ ಗೊತ್ತು. ಅದಕ್ಕೆ ಅವನು ಕೆಮ್ಮಣ್ಣು ಕಟ್ಟುತ್ತಿದ್ದ. ಕೆಮ್ಮಣ್ಣನ್ನು ಜರಡಿ ಹಿಡಿದು, ನೀರಿನಲ್ಲಿ ಕಲಸಿ, ಕಾಳಿಗೆಲ್ಲ ಸವರಿ, ಗಟ್ಟಿ ಬಿಸಿಲಿಗೆ ಒಣಗಿಸುವುದು. ಹಾಗೆ ಮಾಡಿದ ಕಾಳಿನ ಹತ್ತಿರ ಹುಳ ಸುಳಿಯುವುದಿಲ್ಲ. ಬೇಯಿಸುವ ಮುಂಚೆ ಚೆನ್ನಾಗಿ ತೊಳೆದರೆ ಮಣ್ಣು ಹೋಯಿತು, ಕಾಳು ಉಳಿಯಿತು. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ನಮ್ಮ ಅಜ್ಜಿಯರೆಲ್ಲ ಮಾಡಿದ್ದೇ.

ಆ ಶಾಲೆಗೆ ಹೊಸ ಮೇಲ್ವಿಚಾರಕ ಬಂದ. ಒಳ್ಳೆಯವನೇ. ಮಕ್ಕಳ ತಟ್ಟೆಯಲ್ಲಿ ಒಂದು ಕೂದಲು ಕಂಡರೂ ಅವನಿಗೆ ತಡೆಯುತ್ತಿರಲಿಲ್ಲ. ರೈತ ಎಂದಿನಂತೆ ಮೂಟೆ ಹೊತ್ತು ತಂದು ಇಳಿಸಿದ. ಮೇಲ್ವಿಚಾರಕ ಕೈ ಹಾಕಿದ. ಅಂಗೈ ಪೂರಾ ಕೆಂಪಾಯಿತು. ಅವನ ಪಿತ್ತ ನೆತ್ತಿಗೇರಿತು.

"ಏನಯ್ಯಾ, ಮಕ್ಕಳ ಬಾಯಿಗೆ ಮಣ್ಣು ಹಾಕ್ತೀಯಾ?" ಎಂದ.

ಪರ್ವತ, ನಮ್ಮ ಕಡೆ ಈ ಮಾತನ್ನು ಯಾರಿಗೆ ಅನ್ನುತ್ತಾರೆ? ಅನ್ನ ಕಸಿದವನಿಗೆ, ಮನೆ ಹಾಳು ಮಾಡಿದವನಿಗೆ. ಮೇಲ್ವಿಚಾರಕ ಕಣ್ಣಿಗೆ ಕಂಡ ಮಣ್ಣಿನ ಬಗ್ಗೆ ಹೇಳಿದ. ರೈತನಿಗೆ ಕೇಳಿಸಿದ್ದು ಇನ್ನೊಂದು. ಶಾಲೆಯ ಅಂಗಳದಲ್ಲಿ ನಾಲ್ಕು ಜನರೆದುರು ಕೇಳಿಸಿತು. ಅವನ ಮೊಮ್ಮಗಳೂ ಅದೇ ಶಾಲೆಯಲ್ಲಿ ಓದುತ್ತಿದ್ದಳು. ಅವಳಿಗೂ ಕೇಳಿಸಿತು.

"ಇದು ಹುಳಕ್ಕೆ ಹಚ್ಚಿದ ಮಣ್ಣು ಸ್ವಾಮಿ, ತೊಳೆದರೆ ಹೋಗ್ತದೆ" ಎಂದು ರೈತ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅನ್ನಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಮೂಟೆ ಎತ್ತಿಕೊಂಡು ಹೊರಟುಹೋದ. ಮೇಲ್ವಿಚಾರಕನೂ ಕರೆದು ಕೇಳಲಿಲ್ಲ. ಇಬ್ಬರ ನಾಲಿಗೆಗೂ ಅಂದು ಏನಾಗಿತ್ತೋ! ಬೈಯುವುದಕ್ಕೆ ಉದ್ದವಾಗುವ ನಾಲಿಗೆ ಕೇಳುವುದಕ್ಕೆ ಯಾಕೆ ಮೊಟಕಾಗುತ್ತದೋ ನನಗಂತೂ ಇವತ್ತಿಗೂ ತಿಳಿದಿಲ್ಲ.

ಮೇಲ್ವಿಚಾರಕ ಪೇಟೆಯ ವ್ಯಾಪಾರಿಗೆ ಹೇಳಿ ಕಳಿಸಿದ. ಹೊಳೆಯುವ ಕಾಳು ಬೇಕು, ಮಣ್ಣು ಕಸ ಇರಕೂಡದು ಎಂದ. ವ್ಯಾಪಾರಿ ಆಗಲಿ ಎಂದ.

ರೈತನಿಗೆ ಬೆಳೆದದ್ದನ್ನು ಎಲ್ಲಾದರೂ ಮಾರಲೇಬೇಕಲ್ಲ. ಮುಂದಿನ ಸುಗ್ಗಿಗೆ ಅವನೂ ಅದೇ ವ್ಯಾಪಾರಿಯ ಅಂಗಡಿಗೆ ಹೋದ. "ಮಣ್ಣು ಕಟ್ಟಿದ್ದನ್ನು ಯಾರೂ ಮುಟ್ಟಲ್ಲ. ಈ ಪುಡಿ ತಗೊಂಡು ಹೋಗಿ ಹಾಕು, ಒಂದು ಹುಳ ಬೀಳಲ್ಲ" ಎಂದ ವ್ಯಾಪಾರಿ. ಅದು ಹುಳ ಸಾಯಿಸುವ ಪುಡಿ. ರೈತ ಮನೆಗೆ ಬೇಕಾದ ಅವರೆಗೆ ಮಾತ್ರ ಮಣ್ಣು ಕಟ್ಟಿ ಗುಡಾಣದಲ್ಲಿಟ್ಟ. ಮಾರುವ ಅವರೆಗೆ ಪುಡಿ ಹಾಕಿದ. ಚಿಟಿಕೆ ಸಾಕು ಎಂದು ವ್ಯಾಪಾರಿ ಹೇಳಿದ್ದ. ಹಿಡಿ ಹಿಡಿ ಹಾಕಿದ. ಹೆಂಡತಿ, "ಅಷ್ಟು ಯಾಕ್ರೀ?" ಎಂದಳು.

"ಪ್ಯಾಟೆಗೆ ಹೋಗೋದು ಬಿಡು. ಯಾರು ತಿಂತಾರೋ ಏನೋ" ಎಂದ.

ಅವನೇನು ಕೆಟ್ಟವನಲ್ಲ. ಬಾಗಿಲಿಗೆ ಬಂದವರನ್ನು ಹಸಿದು ಕಳಿಸಿದವನಲ್ಲ. ಆದರೆ ಪೇಟೆ ಎಂದರೆ ಅವನಿಗೆ ಕಣ್ಣಿಗೆ ಕಾಣದ ಯಾರೋ. ಕಾಣದವರ ಹೊಟ್ಟೆ ಯಾರಿಗೆ ನೆನಪಾಗುತ್ತದೆ?

ಊರಿನ ಅವರೆ ಪೇಟೆಗೆ ಹೋಯಿತು. ವ್ಯಾಪಾರಿ ಜರಡಿ ಆಡಿಸಿದ, ಬಣ್ಣದ ಚೀಲಕ್ಕೆ ತುಂಬಿದ, ಹೊಲಿದ. ಊರಿನಿಂದ ಹೋದವನು ಪೇಟೆಯಲ್ಲಿ ಹೊಸ ಅಂಗಿ ತೊಟ್ಟು ಬಂದಂತೆ, ಅದೇ ಅವರೆ ತಿರುಗಿ ಶಾಲೆಯ ಬಾಗಿಲಿಗೆ ಬಂತು. ಮೇಲ್ವಿಚಾರಕ ಚೀಲ ಬಿಚ್ಚಿ ಕೈ ಹಾಕಿದ. ಅಂಗೈಗೆ ಏನೂ ಹತ್ತಲಿಲ್ಲ. ಅವನಿಗೆ ಸಮಾಧಾನವಾಯಿತು. ಚೊಕ್ಕ ಕಾಳು ತಾನೇ ಎಂದು ಅಡುಗೆಯವರು ತೊಳೆದೂ ತೊಳೆಯದ ಹಾಗೆ ಮಾಡಿ ಬೇಯಿಸಿದರು.

ಒಂದು ದಿನ ಮೊಮ್ಮಗಳು ಹೊದಿಕೆ ಮರೆತು ಶಾಲೆಗೆ ಹೋಗಿದ್ದಳು. ಚಳಿ ಇತ್ತು. ಆ ಅಂಗಳ ತುಳಿಯಲು ರೈತನಿಗೆ ಮನಸ್ಸಿರಲಿಲ್ಲ, ಆದರೂ ಹೊದಿಕೆ ಹಿಡಿದು ಹೋದ. ಊಟದ ಹೊತ್ತು. ಮಕ್ಕಳು ಸಾಲಾಗಿ ಕುಳಿತು ಉಣ್ಣುತ್ತಿದ್ದವು. ಹೆಗಲಿಗೆ ಹೊದಿಸಲೆಂದು ಬಗ್ಗಿದ. ತಟ್ಟೆಯ ಸಾರಿನಲ್ಲಿ ಅವರೆ. ಅವರೆಯ ಹೊಟ್ಟೆಯ ಮೇಲೆ ಕಪ್ಪು ಮಚ್ಚೆ.

ಅವನದೇ ಅವರೆ. ಮೊಮ್ಮಗಳ ಕೈಯಿಂದ ತಟ್ಟೆ ಕಿತ್ತುಕೊಂಡ.

"ತಾತ, ಹಸಿವು!" ಎಂದು ಅವಳು ಅತ್ತಳು.

ಸಾಲಿನ ಮಕ್ಕಳೆಲ್ಲ ತಲೆ ಎತ್ತಿ ನೋಡಿದವು. ನೋಡಿ, ಮತ್ತೆ ಉಣ್ಣತೊಡಗಿದವು. ಅವನ ಕೈಯಲ್ಲಿದ್ದದ್ದು ಒಂದು ತಟ್ಟೆ. ಸಾಲು ಆ ಗೋಡೆಯಿಂದ ಈ ಗೋಡೆಯವರೆಗೆ ಇತ್ತು. ಎಷ್ಟು ತಟ್ಟೆ ಕಿತ್ತುಕೊಂಡಾನು? "ಉಣ್ಣಬ್ಯಾಡಿ ಮಕ್ಕಳೇ" ಎನ್ನಬೇಕೆಂದುಕೊಂಡ.

ಅಷ್ಟರಲ್ಲಿ ಮೇಲ್ವಿಚಾರಕ ಓಡಿ ಬಂದ. "ನಿನಗೇನು ಬಂತಯ್ಯಾ, ಉಣ್ಣುವ ಮಗುವಿನ ತಟ್ಟೆ ಕಸಿಯುತ್ತೀಯಲ್ಲ!"

ರೈತ ಅವನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದ. ಮಣ್ಣು ಯಾತಕ್ಕೆ ಹಚ್ಚುತ್ತಿದ್ದೆ ಎಂದು ಆಗ ಹೇಳಿದ. ಪುಡಿ ಎಷ್ಟು ಹಾಕಿದೆ ಎಂದೂ ಹೇಳಿದ. ಹೇಳುತ್ತಾ ಮಗುವಿನ ಹಾಗೆ ಅತ್ತ. ಮೇಲ್ವಿಚಾರಕ ಹಂಡೆ ಚೆಲ್ಲಿಸಿದ. ಆದರೆ ಅಷ್ಟು ಹೊತ್ತಿಗೆ ಹಂಡೆಯ ತಳ ಕಾಣುತ್ತಿತ್ತು. ಅದಕ್ಕೂ ಹಿಂದಿನ ದಿನಗಳ ಊಟವನ್ನು ಚೆಲ್ಲುವುದೆಲ್ಲಿಗೆ?

ಮಕ್ಕಳಿಗೆ ಏನಾಯಿತು ಎಂದು ಕೇಳಬೇಕೆಂದಿದ್ದೀಯಲ್ಲವೆ? ಅಂದು ಯಾರಿಗೂ ಏನೂ ಆಗಲಿಲ್ಲ. ವಿಷ ಎಲ್ಲ ಸಲವೂ ಬಾಗಿಲು ಬಡಿದು ಬರುವುದಿಲ್ಲ. ಯಾವ ಮಗುವಿಗೆ ಎಂದಾದರೂ ಹೊಟ್ಟೆ ನೋವು ಎಂದರೆ ಅವರಿಬ್ಬರ ಎದೆಯೂ ಧಸಕ್ಕೆನ್ನುತ್ತಿತ್ತಂತೆ.

ಮೇಲ್ವಿಚಾರಕ ಆಮೇಲೆ ರೈತನ ಮನೆಗೆ ಹೋದ. ಅಂದ ಮಾತಿಗೆ ಕೈಮುಗಿದ. "ನೀನೇ ಮತ್ತೆ ಕಾಳು ಕೊಡಪ್ಪ. ಮಣ್ಣು ಕಟ್ಟಿಯೇ ಕೊಡು, ನಾನೇ ನಿಂತು ತೊಳೆಸುತ್ತೇನೆ" ಎಂದ.

ರೈತ ತನ್ನ ಕೈ ನೋಡಿಕೊಂಡ. "ಬ್ಯಾಡ ಸ್ವಾಮಿ. ಮನೆಗೊಂದು, ಪರರಿಗೊಂದು ಮಾಡಿದ ಕೈ ಇದು. ಮಕ್ಕಳಿಗೆ ಕೊಡೋಕೆ ನನಗೇ ಧೈರ್ಯ ಬರ್ತಿಲ್ಲ" ಎಂದ.

ಮೇಲ್ವಿಚಾರಕ ಮತ್ತೆ ಮತ್ತೆ ಬೇಡಿದ. ಅವನು ಒಪ್ಪಲಿಲ್ಲ, ಅವರೆ ಬಿತ್ತುವುದನ್ನೇ ಬಿಟ್ಟ. ಆ ಮಚ್ಚೆಯ ಅವರೆ ಈಗ ಯಾರ ಹೊಲದಲ್ಲೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪರ್ವತ ಕೇಳಿದ: "ಹಾಗಾದರೆ ತಪ್ಪು ಯಾರದು ಬುದ್ಧಿ? ವಿಚಾರಿಸದೆ ಅಂದವನದೋ, ತಿಳಿದೂ ಪುಡಿ ಹಾಕಿದವನದೋ?"

"ಆ ತಪ್ಪನ್ನು ಅವರಿಬ್ಬರೂ ಸಾಯುವ ತನಕ ಹಂಚಿಕೊಂಡಿರಬಹುದಪ್ಪ, ಮಕ್ಕಳು ಮಾತ್ರ ಬಡಿಸಿದ್ದನ್ನು ಉಂಡು, ಕೈ ತೊಳೆದು, ಆಡಲು ಹೋಗಿದ್ದವು" ಎಂದರು ಗುರುಗಳು.